ಗುಂಯ್ ಅಂದಿದ್ದು ಅಜ್ಜಿಯ ಹಾಡಲ್ಲ: ಸ್ಟುಡಿಯೋ ಪವರ್ ಆಂಪ್ಲಿಫೈಯರ್ ಜೋಡಿಸೋ ಬಗೆ

ಕ್ಲಬ್ ರೂಮಿನ ಮೂಲೆಯಲ್ಲಿ ಕಪ್ಪಗೆ, ಭಾರವಾಗಿ ಕೂತಿರೋ ಒಂದು ಡಬ್ಬಿಯನ್ನ ನೀವೆಲ್ಲ ನೋಡಿರ್ತೀರ. ಸುಮಾರು ಜನ ಅದರ ಮೇಲೆ ಬ್ಯಾಗ್ ಇಟ್ಟಿರ್ತೀರ, ಚಹಾ ಲೋಟ ಕೂಡ ಇಟ್ಟಿರ್ತೀರ. ಅದು ಪವರ್ ಆಂಪ್ಲಿಫೈಯರ್. ಸೀನಿಯರ್ಸ್ ಬಿಟ್ಟುಹೋಗಿದ್ದು. ಎರಡು ಚಾನೆಲ್, 8 ಓಮ್ ಸ್ಪೀಕರಿಗೆ ಚಾನೆಲ್ ಒಂದಕ್ಕೆ 100 ವ್ಯಾಟ್. ಅದನ್ನ ಹೇಗೆ ಜೋಡಿಸಬೇಕು, ಹೇಗೆ ಬಳಸಬೇಕು ಅಂತ ಹೇಳೋದೇ ಈ ಲೇಖನ. ಇದೆಲ್ಲ ಗೊತ್ತಿಲ್ಲದೆ ನಾವು ಒಂದು ಒಳ್ಳೆಯ ರೆಕಾರ್ಡಿಂಗನ್ನ ನಮ್ಮ ಕೈಯಾರೆ ಹಾಳು ಮಾಡೋದರಲ್ಲಿದ್ವಿ. ಮೊದಲು ಆ ಕಥೆ ಕೇಳಿ.

ಎನ್. ಬೇಗೂರಿನ ರೆಕಾರ್ಡಿಂಗ್

ನಮ್ಮ ಗುಂಪಿನಲ್ಲಿ ಒಬ್ಬನ ಅಜ್ಜಿ ಊರು ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರು. ಕಾಡಂಚಿನ ಊರು; ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೇ ಎನ್. ಬೇಗೂರು ಅನ್ನೋ ಹೆಸರಿದೆ. ರಜೆಯಲ್ಲಿ ನಾವು ನಾಲ್ಕು ಜನ ಅಲ್ಲಿಗೆ ಹೋಗಿದ್ವಿ. ಅಜ್ಜಿ ಜಗಲಿ ಮೇಲೆ ಕೂತು ರಾಗಿ ಕೇರ್ತಾ ಹಾಡಿದ್ರು. ಸಣ್ಣ ಕೈ ರೆಕಾರ್ಡರಿನಲ್ಲಿ ಹನ್ನೊಂದು ನಿಮಿಷ ಹಿಡಿದುಕೊಂಡು ಬಂದ್ವಿ. ಇನ್ನೊಂದು ಸಲ ಹಾಡಿ ಅಂದಿದ್ದಕ್ಕೆ, "ಅಷ್ಟೇ ಕನ, ಮಿಕ್ಕಿದ್ದು ಮರ್ತೋಯ್ತು" ಅಂದ್ರು. ಅಂದ್ರೆ ನಮ್ಮ ಹತ್ರ ಇದ್ದಿದ್ದು ಆ ಒಂದೇ ಟೇಕ್.

ಕ್ಯಾಂಪಸ್ಸಿಗೆ ಬಂದು ಆಂಪ್ ಹಾಕಿ ಕೇಳಿದ್ರೆ, ಹಾಡಿನ ಕೆಳಗೆ ಒಂದೇ ಸಮ ಗುಂಯ್ ಅನ್ನೋ ಸದ್ದು. ರೆಕಾರ್ಡಿಂಗ್ ಕೆಟ್ಟಿದೆ ಅಂದುಕೊಂಡ್ವಿ. ಲ್ಯಾಪ್‌ಟಾಪಿನಲ್ಲಿ ಫಿಲ್ಟರ್ ಹಾಕಿ 50, 100, 150, 200 ಹರ್ಟ್ಜ್ ಎಲ್ಲಾ ಕತ್ತರಿಸಿದ್ವಿ. ಗುಂಯ್ ಹೋಗಲಿಲ್ಲ. ಇನ್ನೂ ಜೋರಾಗಿ ಕತ್ತರಿಸಿದ್ವಿ. ಅಜ್ಜಿಯ ದನಿ ಪ್ಲಾಸ್ಟಿಕ್ ಬಿಂದಿಗೆಯೊಳಗಿಂದ ಬಂದ ಹಾಗಾಯ್ತು, ಗುಂಯ್ ಮಾತ್ರ ಇದ್ದಲ್ಲೇ ಇತ್ತು. 200 ಹರ್ಟ್ಜ್ ಸುತ್ತಮುತ್ತಲೇ ಹೆಂಗಸರ ದನಿಯ ಬುನಾದಿ ಇರೋದು. ನಾವು ಕತ್ತರಿಸ್ತಾ ಇದ್ದಿದ್ದು ಸದ್ದನ್ನಲ್ಲ, ಅಜ್ಜಿಯನ್ನ. ಆಮೇಲೆ ಯಾರಿಗೋ ಫೋನ್ ಬಂತು ಅಂತ ಪಾಸ್ ಒತ್ತಿದ್ವಿ. ಹಾಡು ನಿಂತಿತು. ಗುಂಯ್ ನಿಲ್ಲಲಿಲ್ಲ.

ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಫೈಲ್ ಓಡದೇ ಇದ್ದಾಗಲೂ ಸದ್ದು ಬರ್ತಿದೆ ಅಂದ್ರೆ ಅದು ಫೈಲಿನಲ್ಲಿ ಇಲ್ಲವೇ ಇಲ್ಲ. ರೆಕಾರ್ಡರಿಗೇ ನೇರ ಇಯರ್‌ಫೋನ್ ಸಿಕ್ಕಿಸಿ ಕೇಳಿದ್ವಿ. ಶುದ್ಧವಾಗಿತ್ತು. ಸ್ಟುಡಿಯೋ ಆಂಪ್ ಇರೋದು ಸದ್ದು ಜೋರು ಮಾಡೋಕೆ ಅಂತ ನಾವು ತಿಳಿದಿದ್ವಿ. ಅದು ಇರೋದು ರೆಕಾರ್ಡಿಂಗಿನಲ್ಲಿ ಏನಿದೆಯೋ ಅಷ್ಟನ್ನೇ ಕೇಳಿಸೋಕೆ. ಅದರ ಜೋಡಣೆ ತಪ್ಪಿದ್ರೆ ನಾವು ಸುಳ್ಳನ್ನ ಕೇಳಿ, ಸತ್ಯವನ್ನ ಅಳಿಸಿಬಿಡ್ತೀವಿ.

ಆಂಪ್ ನಿಜವಾಗಿ ಮಾಡೋದೇನು?

ಸರಪಳಿ ಹೀಗಿದೆ: ಲ್ಯಾಪ್‌ಟಾಪ್, ಅದರಿಂದ ಆಡಿಯೋ ಇಂಟರ್‌ಫೇಸ್, ಅಲ್ಲಿಂದ ಪವರ್ ಆಂಪ್, ಕೊನೆಗೆ ಸ್ಪೀಕರ್. ಇಂಟರ್‌ಫೇಸಿನಿಂದ ಬರೋ ಸಿಗ್ನಲ್ಲಿಗೆ ಲೈನ್ ಲೆವೆಲ್ ಅಂತಾರೆ, ಸುಮಾರು 1 ವೋಲ್ಟ್ ಆಸುಪಾಸು. ಅದರಲ್ಲಿ ವೋಲ್ಟೇಜ್ ಇದೆ, ಆದ್ರೆ ಸ್ಪೀಕರಿನ ಕೋನ್ ಅಲುಗಿಸೋಷ್ಟು ಕರೆಂಟ್ ಇಲ್ಲ. ಪವರ್ ಆಂಪ್ ವೋಲ್ಟೇಜನ್ನ ಹೆಚ್ಚಿಸಿ, ಜೊತೆಗೆ ಬೇಕಾದ ಕರೆಂಟನ್ನೂ ಕೊಡುತ್ತೆ.

ಒಂದು ಲೆಕ್ಕ ನೋಡೋಣ. ಆಂಪಿನ ಗೇನ್ 26 ಡಿಬಿ ಅಂದ್ರೆ ವೋಲ್ಟೇಜ್ 20 ಪಟ್ಟು. ಒಳಗೆ 1.4 ವೋಲ್ಟ್ ಹೋದ್ರೆ ಹೊರಗೆ 28 ವೋಲ್ಟ್. 8 ಓಮ್ ಸ್ಪೀಕರಿಗೆ 28ರ ವರ್ಗ ಭಾಗಿಸು 8, ಅಂದ್ರೆ 98 ವ್ಯಾಟ್. ಕರೆಂಟ್ 3.5 ಆಂಪಿಯರ್. ಅಷ್ಟೇ, ಮೊದಲ ಸೆಮಿಸ್ಟರಿನ ಓಮ್ಸ್ ಲಾ. ಆಂಪಿಗೆ ಹಾಡು ಯಾವುದು, ಗುಂಯ್ ಯಾವುದು ಅಂತ ಗೊತ್ತಾಗಲ್ಲ. ಒಳಗೆ ಏನು ಹೋಗುತ್ತೋ ಅದನ್ನ 20 ಪಟ್ಟು ಮಾಡುತ್ತೆ.

ಮುಂದಿರೋ ನಾಬ್ ಬಗ್ಗೆ ಒಂದು ಮಾತು. ಅದು ಪವರ್ ನಾಬ್ ಅಲ್ಲ. ಒಳಗೆ ಬರೋ ಸಿಗ್ನಲ್ಲನ್ನ ಎಷ್ಟು ತಗ್ಗಿಸಬೇಕು ಅಂತ ಹೇಳೋ ನಲ್ಲಿ ಅಷ್ಟೇ. ಅರ್ಧಕ್ಕೆ ಇಟ್ಟಿದ್ದೀವಿ, ಹಾಗಾಗಿ ಅರ್ಧ ಪವರ್ ಮಾತ್ರ ಬರುತ್ತೆ ಅಂತ ನಂಬಬೇಡಿ. ಒಳಗಿನ ಸಿಗ್ನಲ್ ಜೋರಾಗಿದ್ರೆ ಅರ್ಧದಲ್ಲೂ ಪೂರ್ತಿ 100 ವ್ಯಾಟ್ ಬಂದುಬಿಡುತ್ತೆ.

ವ್ಯಾಟ್ ಅಂದ್ರೆ ಸದ್ದಲ್ಲ

ನಮ್ಮ ಸ್ಪೀಕರಿನ ಹಿಂದೆ 88 ಡಿಬಿ ಅಂತ ಬರೆದಿದೆ. 1 ವ್ಯಾಟ್ ಕೊಟ್ರೆ 1 ಮೀಟರ್ ದೂರದಲ್ಲಿ 88 ಡಿಬಿ ಅಂತ ಅರ್ಥ. ಅದು ಆಗಲೇ ಜೋರು. ಪವರ್ ಎರಡರಷ್ಟಾದ್ರೆ 3 ಡಿಬಿ ಮಾತ್ರ ಏರುತ್ತೆ. ಹತ್ತು ಪಟ್ಟಾದ್ರೆ 10 ಡಿಬಿ, ಅದು ಕಿವಿಗೆ ಹೆಚ್ಚುಕಡಿಮೆ ಎರಡರಷ್ಟು ಜೋರು ಅನ್ನಿಸುತ್ತೆ. ಅಂದ್ರೆ ಸ್ಪೀಕರಿನಿಂದ ಒಂದು ಮೀಟರ್ ದೂರ ಕೂತು ಕೇಳೋವಾಗ ನಾವು ಬಳಸೋದು ಸರಾಸರಿ 1 ವ್ಯಾಟಿಗಿಂತ ಕಡಿಮೆ.

ಹಾಗಾದ್ರೆ 100 ವ್ಯಾಟ್ ಯಾಕೆ? ಏರಿಳಿತಕ್ಕೆ. ಮಾತು, ಹಾಡು ಒಂದೇ ಮಟ್ಟದಲ್ಲಿ ಇರಲ್ಲ. ಸರಾಸರಿಗಿಂತ 12 ಡಿಬಿ ಮೇಲೆ ಹಾರೋದು ಮಾಮೂಲು, ಅದಕ್ಕೆ 16 ಪಟ್ಟು ಪವರ್ ಬೇಕು. ತಮಟೆ ಏಟಿಗೆ ಇನ್ನೂ ಹೆಚ್ಚು. ಆ ಒಂದು ಕ್ಷಣಕ್ಕೆ ಜಾಗ ಇಟ್ಟಿರೋದು ಅಷ್ಟೇ.

1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಬಾನುಲಿ ಕೇಂದ್ರ ಶುರು ಮಾಡಿದಾಗ ಅವರ ಟ್ರಾನ್ಸ್‌ಮಿಟರ್ ಇದ್ದಿದ್ದು 30 ವ್ಯಾಟ್. ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದಲೇ. ಎಚ್.ಡಿ. ಕೋಟೆ ಕಡೆಯಲ್ಲೇ, ಸರಗೂರಿನಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರ ಸಮುದಾಯ ಬಾನುಲಿ ಜನಧ್ವನಿ ಇದೆ, 90.8ರಲ್ಲಿ. ನಮ್ಮ ದೇಶದಲ್ಲಿ ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಇರೋ ಮಿತಿ 100 ವ್ಯಾಟ್ ವಿಕಿರಣ ಶಕ್ತಿ. ರೇಡಿಯೋ ಅಲೆಯ ವ್ಯಾಟ್ ಮಾಡೋ ಕೆಲಸ ಬೇರೆ, ಸ್ಪೀಕರಿನ ವ್ಯಾಟ್ ಮಾಡೋ ಕೆಲಸ ಬೇರೆ, ಹೋಲಿಕೆ ಪೂರ್ತಿ ಕೂಡಲ್ಲ. ಆದ್ರೂ ಊರೂರಿಗೆ ಮಾತು ಮುಟ್ಟಿಸೋ ಕೇಂದ್ರಕ್ಕೆ ಸಾಕಾಗೋ ಅಂಕಿ ನಮ್ಮ ಒಂದು ರೂಮಿಗೆ ಸಾಲಲ್ಲ ಅಂತ ಗೊಣಗೋವಾಗ ಸ್ವಲ್ಪ ನಾಚಿಕೆ ಆಗಬೇಕು.

ಜೋಡಿಸೋ ಕ್ರಮ

ಎಲ್ಲಾ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಕೈ ಹಾಕಿ.

ಮೊದಲು ಜಾಗ. ಆಂಪಿಗೆ ಗಾಳಿ ಬೇಕು. ನಮ್ಮದು ಕ್ಲಾಸ್ ಎಬಿ. ಕ್ಲಾಸ್ ಬಿ ದಕ್ಷತೆ ಹೆಚ್ಚಂದ್ರೆ 78.5 ಶೇಕಡಾ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀವಲ್ಲ, ಎಬಿ ಅದಕ್ಕಿಂತಲೂ ಕಡಿಮೆ. ಮಿಕ್ಕಿದ್ದೆಲ್ಲ ಬಿಸಿಯಾಗಿ ಹೋಗಬೇಕು. ಹಿಂದೆ, ಪಕ್ಕ, ಮೇಲೆ ಜಾಗ ಬಿಡಿ. ಬ್ಯಾಗ್, ಬಟ್ಟೆ, ಲೋಟ ಯಾವುದೂ ಬೇಡ.

ಎರಡನೇದು ಓಮ್. ಆಂಪಿನ ಹಿಂದೆ ಕನಿಷ್ಠ ಎಷ್ಟು ಓಮ್ ಅಂತ ಬರೆದಿರುತ್ತೆ. 8 ಓಮಿನ ಎರಡು ಸ್ಪೀಕರನ್ನ ಒಂದೇ ಚಾನೆಲಿಗೆ ಪ್ಯಾರಲಲ್ ಹಾಕಿದ್ರೆ 4 ಓಮ್. 4 ಓಮಿನ ಎರಡು ಹಾಕಿದ್ರೆ 2. ಓಮ್ ಅರ್ಧವಾದಷ್ಟೂ ಆಂಪ್ ಎರಡರಷ್ಟು ಕರೆಂಟ್ ಕೊಡಬೇಕು. ಬರೆದಿರೋದಕ್ಕಿಂತ ಕೆಳಗೆ ಇಳಿದ್ರೆ ಪ್ರೊಟೆಕ್ಷನ್ ಬೀಳುತ್ತೆ, ಇಲ್ಲಾಂದ್ರೆ ಟ್ರಾನ್ಸಿಸ್ಟರ್ ಹೋಗುತ್ತೆ.

ಮೂರನೇದು ಸ್ಪೀಕರ್ ವೈರ್. ಗಿಟಾರಿನ ಕೇಬಲ್ ಇದಕ್ಕೆ ಆಗಲ್ಲ, ಒಳಗಿನ ತಂತಿ ತೀರಾ ಸಣ್ಣ. 2.5 ಚದರ ಮಿಲಿಮೀಟರಿನ ತಾಮ್ರದ ವೈರ್ 5 ಮೀಟರ್ ಎಳೆದ್ರೆ, ಹೋಗಿ ಬರೋದು ಸೇರಿ 10 ಮೀಟರ್, ರೆಸಿಸ್ಟೆನ್ಸ್ 0.07 ಓಮ್. 8 ಓಮಿನ ಮುಂದೆ ಇದು ಏನೂ ಅಲ್ಲ. ಹೆಚ್ಚು ದುಡ್ಡಿನ ವೈರ್ ಬೇಡವೇ ಬೇಡ. ಆದ್ರೆ ಎಳೆಗಳನ್ನ ಚೆನ್ನಾಗಿ ಹೊಸೆದು ಸಿಕ್ಕಿಸಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗಿದ್ರೂ ಶಾರ್ಟ್.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರಿನಲ್ಲಿ ಉಲ್ಟಾ ಆದ್ರೆ ಒಂದು ಕೋನ್ ಮುಂದೆ ಬರೋವಾಗ ಇನ್ನೊಂದು ಹಿಂದೆ ಹೋಗುತ್ತೆ, ಬೇಸ್ ಮಾಯವಾಗುತ್ತೆ. ಪರೀಕ್ಷೆ ಸುಲಭ: ಒಬ್ಬರ ಮಾತನ್ನ ಮೋನೋದಲ್ಲಿ ಹಾಕಿ, ಎರಡು ಸ್ಪೀಕರಿನ ಮಧ್ಯದಲ್ಲಿ ಕೂತು ಕಣ್ಣು ಮುಚ್ಚಿ. ದನಿ ನಟ್ಟನಡುವೆ ನಿಂತಿದ್ರೆ ಸರಿ. ಎಲ್ಲೆಲ್ಲೋ ಚೆದುರಿದ ಹಾಗಿದ್ರೆ ಎಲ್ಲೋ ಉಲ್ಟಾ ಆಗಿದೆ.

ನಾಲ್ಕನೇದು ಕೂರೋ ಜಾಗ. ಎರಡು ಸ್ಪೀಕರ್, ನಿಮ್ಮ ತಲೆ, ಮೂರೂ ಸೇರಿ ಸಮಬಾಹು ತ್ರಿಕೋನ. ಮೇಲಿನ ಸಣ್ಣ ಸ್ಪೀಕರ್ ಕಿವಿಯ ಮಟ್ಟಕ್ಕೆ. ರೂಮಿನ ಮೂಲೆಗೆ ತಳ್ಳಬೇಡಿ, ಇಲ್ಲದ ಬೇಸ್ ಇದ್ದ ಹಾಗೆ ಕೇಳಿಸುತ್ತೆ.

ಗುಂಯ್ ಎಲ್ಲಿಂದ ಬಂತು?

ಈಗ ನಮ್ಮ ತಪ್ಪಿಗೆ ಬರೋಣ. ಲ್ಯಾಪ್‌ಟಾಪ್ ಚಾರ್ಜರ್ ಮೂರು ಪಿನ್ನಿಂದು, ಬಾಗಿಲ ಹತ್ರದ ಸಾಕೆಟ್ಟಿನಲ್ಲಿತ್ತು. ಆಂಪ್ ಎದುರು ಗೋಡೆಯ ಸಾಕೆಟ್ಟಿನಲ್ಲಿತ್ತು. ಎರಡು ಸಾಕೆಟ್ಟಿನ ಅರ್ತ್ ಒಂದೇ ಅಂತ ನಾವು ಡಯಾಗ್ರಮ್ಮಿನಲ್ಲಿ ಬರೀತೀವಿ. ನಿಜವಾಗಿ ಅವುಗಳ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇರುತ್ತೆ. ಇಂಟರ್‌ಫೇಸಿನಿಂದ ಆಂಪಿಗೆ ನಾವು ಹಾಕಿದ್ದು ಅನ್‌ಬ್ಯಾಲೆನ್ಸ್ಡ್ ಕೇಬಲ್. ಅದರಲ್ಲಿ ಹೊರಗಿನ ಜಾಲರಿಯೇ ಸಿಗ್ನಲ್ಲಿನ ವಾಪಸ್ ದಾರಿ ಕೂಡ. ಅರ್ತಿನಿಂದ ಅರ್ತಿಗೆ ಒಂದು ಸುತ್ತು ಪೂರ್ತಿಯಾಯ್ತು, ಆ ಜಾಲರಿಯಲ್ಲಿ 50 ಹರ್ಟ್ಜಿನ ಕರೆಂಟ್ ಹರಿದು ಸಿಗ್ನಲ್ಲಿಗೆ ಬೆರೀತು. ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ.

ಬರೀ 5 ಮಿಲಿವೋಲ್ಟ್ ಅಂತ ಇಟ್ಕೊಳ್ಳಿ. ಆಂಪ್ ಅದನ್ನ 20 ಪಟ್ಟು ಮಾಡಿದ್ರೆ 100 ಮಿಲಿವೋಲ್ಟ್. 8 ಓಮಿಗೆ 1.25 ಮಿಲಿವ್ಯಾಟ್. 88 ಡಿಬಿ ಸ್ಪೀಕರಿನಲ್ಲಿ ಅದು 59 ಡಿಬಿ, ಅಂದ್ರೆ ಪಕ್ಕದಲ್ಲಿ ಕೂತು ಮಾತಾಡೋ ಮಟ್ಟ. 50 ಹರ್ಟ್ಜ್ ನಮ್ಮ ಕಿವಿಗೆ ಕಡಿಮೆ ಕೇಳುತ್ತೆ ನಿಜ, ಆದ್ರೆ ಅದರ ಜೊತೆ ಬರೋ 100, 150 ಚೆನ್ನಾಗೇ ಕೇಳುತ್ತೆ.

ಹುಡುಕೋ ದಾರಿ ಇಷ್ಟು. ಪಾಸ್ ಒತ್ತಿ; ಸದ್ದು ನಿಂತ್ರೆ ಅದು ಫೈಲಿನದು, ನಿಲ್ಲದಿದ್ರೆ ಜೋಡಣೆಯದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ನಿಂತ್ರೆ ಗ್ರೌಂಡ್ ಲೂಪ್. ನಮ್ಮದು ಇಲ್ಲೇ ನಿಂತಿತು. ಆಗಲೂ ನಿಲ್ಲದಿದ್ರೆ ಆಂಪ್ ಆಫ್ ಮಾಡಿ, ಇನ್‌ಪುಟ್ ಕೇಬಲ್ ಪೂರ್ತಿ ಕಿತ್ತು, ಮತ್ತೆ ಆನ್ ಮಾಡಿ. ಇನ್ನೂ ಇದ್ರೆ ದೋಷ ಆಂಪಿನ ಒಳಗೇ ಇದೆ, ರಿಪೇರಿಯವರಿಗೆ ಕೊಡಿ.

ಸರಿ ಮಾಡೋದು ಹೀಗೆ: ಲ್ಯಾಪ್‌ಟಾಪ್, ಇಂಟರ್‌ಫೇಸ್, ಆಂಪ್ ಎಲ್ಲವನ್ನೂ ಒಂದೇ ಸಾಕೆಟ್ಟಿನ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಇಂಟರ್‌ಫೇಸಿನಿಂದ ಆಂಪಿಗೆ ಬ್ಯಾಲೆನ್ಸ್ಡ್ ಕೇಬಲ್ ಹಾಕಿ. ಅದರಲ್ಲಿ ಒಂದೇ ಸಿಗ್ನಲ್ಲಿಗೆ ಎರಡು ತಂತಿ, ಒಂದರಲ್ಲಿ ನೇರ, ಇನ್ನೊಂದರಲ್ಲಿ ಉಲ್ಟಾ. ದಾರಿಯಲ್ಲಿ ಸೇರೋ ಗದ್ದಲ ಎರಡಕ್ಕೂ ಒಂದೇ ಥರ ಸೇರುತ್ತೆ. ಆಂಪ್ ಎರಡರ ವ್ಯತ್ಯಾಸ ತೆಗೆದಾಗ ಗದ್ದಲ ಕಳೆದುಹೋಗಿ ಸಿಗ್ನಲ್ ಉಳಿಯುತ್ತೆ. ಆಪ್ ಆಂಪ್ ಲ್ಯಾಬಿನಲ್ಲಿ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಮಾಡಿದ್ವಲ್ಲ, ಅದು ಇದೇ.

ಒಂದು ವಿಷಯ ದಪ್ಪಕ್ಷರದಲ್ಲಿ ಓದಿಕೊಳ್ಳಿ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸೋದು, ಮೂರು ಪಿನ್ನನ್ನ ಎರಡು ಪಿನ್ ಅಡಾಪ್ಟರಿಗೆ ಸಿಕ್ಕಿಸೋದು ಯಾವತ್ತೂ ಬೇಡ. ಗುಂಯ್ ಹೋಗಬಹುದು. ನಾಳೆ ಒಳಗೆ ಒಂದು ವೈರ್ ಬಿಟ್ಟು 230 ವೋಲ್ಟ್ ಡಬ್ಬಿಯ ಮೈಗೆ ತಾಗಿದ್ರೆ, ಅದನ್ನ ಮುಟ್ಟಿದವರೂ ಹೋಗಬಹುದು. ಹಾಗೇ ಫ್ಯೂಸ್ ಹೋದ್ರೆ ಅದೇ ರೇಟಿಂಗಿನದನ್ನೇ ಹಾಕಿ, ತಂತಿ ಸುತ್ತಬೇಡಿ. ಮುಚ್ಚಳ ತೆಗೀಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಚಾರ್ಜ್ ಇರುತ್ತೆ.

ದಿನಾ ಬಳಸೋದು

ಆನ್ ಮಾಡೋವಾಗ ಲ್ಯಾಪ್‌ಟಾಪ್, ಇಂಟರ್‌ಫೇಸ್, ಕೊನೆಗೆ ಆಂಪ್. ಆಫ್ ಮಾಡೋವಾಗ ಮೊದಲು ಆಂಪ್. ಕೊನೆಗೆ ಬಂದೋನು ಮೊದಲು ಎದ್ದು ಹೋಗಬೇಕು ಅಂತ ನೆನಪಿಟ್ಕೊಳ್ಳಿ. ಬೇರೆ ಸಾಧನ ಆನ್ ಆಗೋವಾಗ ಬರೋ ಧಡ್ ಅನ್ನೋ ಏಟು ಆಂಪಿನಿಂದ 20 ಪಟ್ಟಾಗಿ ಸ್ಪೀಕರಿಗೆ ಬೀಳಬಾರದು. ಕರೆಂಟ್ ಹೋದ್ರೂ ತಕ್ಷಣ ಆಂಪಿನ ಸ್ವಿಚ್ ಆಫ್ ಮಾಡಿ. ವಾಪಸ್ ಬಂದಾಗ ಎಲ್ಲಾ ಒಟ್ಟಿಗೆ ಎದ್ದರೆ ಕ್ರಮ ತಪ್ಪುತ್ತೆ.

ಲೆವೆಲ್ ಇಡೋದನ್ನ ಒಂದೇ ಸಲ ಮಾಡಿ. ಆಂಪಿನ ನಾಬ್ ಪೂರ್ತಿ ಕೆಳಗೆ ಇಟ್ಟು, ಇಂಟರ್‌ಫೇಸಿನ ಔಟ್‌ಪುಟ್ಟನ್ನ ನೀವು ಯಾವಾಗಲೂ ಇಡೋ ಜಾಗಕ್ಕೆ ಇಟ್ಟು, ಸಾಫ್ಟ್‌ವೇರ್ ಮೀಟರಿನಲ್ಲಿ ಮೈನಸ್ 20ರಷ್ಟು ಪಿಂಕ್ ನಾಯ್ಸ್ ಹಾಕಿ. ಕೂರೋ ಜಾಗದಲ್ಲಿ ಫೋನಿನ ಸೌಂಡ್ ಮೀಟರ್ ಹಿಡಿದು, ಆಂಪಿನ ನಾಬನ್ನ ನಿಧಾನಕ್ಕೆ ಏರಿಸಿ. ನಮ್ಮಂಥ ಸಣ್ಣ ರೂಮಿಗೆ 75 ಡಿಬಿ ಸುತ್ತಮುತ್ತ ಸಾಕು. ಅಲ್ಲಿಗೆ ಟೇಪ್ ಅಂಟಿಸಿ ಗುರುತು ಮಾಡಿ, ಇನ್ನೊಂದು ಚಾನೆಲಿಗೂ ಹಾಗೇ ಮಾಡಿ. ಆಮೇಲೆ ಅದನ್ನ ಮುಟ್ಟಬೇಡಿ. ಪ್ರತಿ ದಿನ ಒಂದೇ ಮಟ್ಟದಲ್ಲಿ ಕೇಳಿದ್ರೆ ಕಿವಿಗೆ ಒಂದು ಅಳತೆಗೋಲು ಸಿಗುತ್ತೆ. ಯಾವ ರೆಕಾರ್ಡಿಂಗ್ ಮೆಲ್ಲಗಿದೆ, ಯಾವುದು ಜೋರು ಅಂತ ಮೀಟರ್ ನೋಡದೇ ಗೊತ್ತಾಗುತ್ತೆ.

ಮುಂದಿನ ಕೆಂಪು ಕ್ಲಿಪ್ ದೀಪ ಹೊಳೀತಾ ಇದ್ರೆ ನಿಲ್ಲಿಸಿ. ಆಂಪ್ ಕೊಡಬಲ್ಲ ವೋಲ್ಟೇಜ್ ಮುಗಿದು ಅಲೆಯ ತಲೆ ಚಪ್ಪಟೆಯಾಗ್ತಿದೆ ಅಂತ ಅರ್ಥ. ಚಪ್ಪಟೆಯಾದ ಅಲೆಯಲ್ಲಿ ಮೇಲಿನ ಹಾರ್ಮೋನಿಕ್ಸ್ ಹೆಚ್ಚು. ಅವೆಲ್ಲ ಟ್ವೀಟರಿಗೆ ಹೋಗಿ ಅದನ್ನ ಸುಡುತ್ತವೆ. ಅದೇ ಎತ್ತರದ ಸೈನ್ ಅಲೆಗಿಂತ ಚೌಕ ಅಲೆಯಲ್ಲಿ ಎರಡರಷ್ಟು ಪವರ್ ಇರುತ್ತೆ. ಸಣ್ಣ ಆಂಪಿನಿಂದ ಸ್ಪೀಕರ್ ಹೋಗಲ್ಲ ಅನ್ನೋ ಮಾತು ಇದಕ್ಕೇ ಸುಳ್ಳು.

ಕೊನೆಗೆ ಕಿವಿ. ದಿನಕ್ಕೆ 85 ಡಿಬಿಯಲ್ಲಿ 8 ಗಂಟೆ ಅನ್ನೋದು ಎಲ್ಲೆ. ಅಲ್ಲಿಂದ 3 ಡಿಬಿ ಏರಿದಾಗಲೆಲ್ಲ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2, 100ಕ್ಕೆ ಬರೀ ಕಾಲು ಗಂಟೆ. ಟ್ವೀಟರ್ ಹೋದ್ರೆ ಚಂದಾ ಎತ್ತಿ ಹೊಸದು ತರಬಹುದು.

ಈಗ ಆ ಹಾಡು

ಒರಿಜಿನಲ್ ಫೈಲ್ ಅಳಿಸಿರಲಿಲ್ಲ. ಅಳಿಸೋಣ, ಜಾಗ ಇಲ್ಲ ಅಂತ ಒಬ್ಬರು ಹೇಳಿದ್ರು, ಇನ್ನೊಬ್ಬರು ಸೋಮಾರಿತನಕ್ಕೆ ಬಿಟ್ಟಿದ್ರು, ಅಷ್ಟೇ ನಮ್ಮ ಪುಣ್ಯ. ಎಲ್ಲಾ ಸರಿ ಜೋಡಿಸಿ ಮತ್ತೆ ಕೇಳಿದಾಗ ಹಾಡಿನ ಕೆಳಗೆ ಇನ್ನೊಂದು ಸದ್ದಿತ್ತು. ಝರ್, ಝರ್ ಅಂತ, ತಾಳ ಹಾಕಿದ ಹಾಗೆ. ಮೊರದ ಸದ್ದು. ಅಜ್ಜಿ ಹಾಡಿದ್ದು ಕೇರೋ ಲಯಕ್ಕೆ. ಗುಂಯ್ ಅದನ್ನ ಪೂರ್ತಿ ಮುಚ್ಚಿಬಿಟ್ಟಿತ್ತು, ಮುಚ್ಚದೇ ಬಿಟ್ಟಿದ್ದನ್ನ ನಮ್ಮ ಫಿಲ್ಟರ್ ತಿಂದಿತ್ತು.

ಹೋದ ತಿಂಗಳು ಮತ್ತೆ ಎನ್. ಬೇಗೂರಿಗೆ ಹೋದಾಗ ಫೈಲನ್ನ ಫೋನಿಗೆ ಹಾಕಿ, ಇಯರ್‌ಫೋನ್ ಕೊಟ್ಟು ಕೇಳಿಸಿದ್ವಿ. ಅಜ್ಜಿ ಹನ್ನೊಂದು ನಿಮಿಷ ಪೂರ್ತಿ ಕೇಳಿದ್ರು. ತಮ್ಮ ದನಿ ಬಗ್ಗೆ ಏನೂ ಹೇಳಲಿಲ್ಲ. "ಮೊರದ್ ಸದ್ದೂ ಬಂದದಲ್ಲಪ್ಪ" ಅಂದ್ರು.

ಆಂಪಿನ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದೀವಿ: "ಮೊದಲು ಪಾಸ್ ಒತ್ತಿ ನೋಡಿ." ಕೇಬಲ್ಲುಗಳು ಎಡಗಡೆ ಡ್ರಾಯರಿನಲ್ಲಿವೆ, ಬ್ಯಾಲೆನ್ಸ್ಡ್ ಕೇಬಲ್ಲಿಗೆ ಹಸಿರು ಟೇಪ್ ಸುತ್ತಿದೆ. ನಿಮ್ಮ ಊರಿಗೆ ಹೋದಾಗ ಯಾರದಾದ್ರೂ ಹಾಡು, ಮಾತು ಹಿಡಿದು ತಂದ್ರೆ ಕ್ಲಬ್ ರೂಮಿಗೆ ಬನ್ನಿ, ಒಟ್ಟಿಗೆ ಕೂತು ಕೇಳೋಣ. ಲೋಟ ಮಾತ್ರ ಆಂಪಿನ ಮೇಲೆ ಇಡಬೇಡಿ.